ಐವತ್ತೆರಡು ಬಿಳಿ ಕಣಗಳು

ಐವತ್ತೆರಡು ಎಂದು ಬರೆಯಬೇಕಾದ ಜಾಗದಲ್ಲಿ ನಾನು ಎಂಬತ್ತನಾಲ್ಕು ಎಂದು ಬರೆದೆ. ಎಣಿಸಲು ಬಾರದೆ ಆದ ತಪ್ಪಲ್ಲ ಅದು. ಎರಡು ಸಲ ಸರಿಯಾಗಿ ಎಣಿಸಿ, ಮೂರನೇ ಸಲ ಬೇಕೆಂದೇ ತಪ್ಪಾಗಿ ಎಣಿಸಿದೆ. ರಕ್ತ ನನ್ನ ತಮ್ಮನದು. ನಿಜವಾದ ಸಂಖ್ಯೆಯನ್ನು ಆಗಿಂದಾಗಲೇ ಡಾಕ್ಟರ ಮುಂದೆ ಇಡುವುದಷ್ಟೇ ನನ್ನ ಕೆಲಸವಾಗಿತ್ತು. ನಾನು ಅದನ್ನು ಮಾಡಲಿಲ್ಲ.

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬರೆಯುವ ರೂಢಿ ಇಲ್ಲ. ಆ ನಾಲ್ಕು ದಿನಗಳಲ್ಲಿ ಏನು ಮಾಡಿದೆ, ಏನು ಬಿಟ್ಟೆ ಎಂಬುದನ್ನು ಮಾತ್ರ ಒಂದರ ಹಿಂದೆ ಒಂದು ಹೇಳುತ್ತೇನೆ.

ಗದಗ ಜಿಲ್ಲೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ನಮ್ಮ ಬೆಟಗೇರಿಯ ದವಾಖಾನೆಯ ಚೀಟಿಗಳ ಮೇಲೆ ಇನ್ನೂ ‘ಜಿ. ಧಾರವಾಡ’ ಎಂದೇ ಅಚ್ಚಾಗಿತ್ತು. ಅದರ ಮೇಲೆ ಒಂದು ಗೆರೆ ಎಳೆದು ಗದಗ ಎಂದು ಠಸೆ ಒತ್ತುವುದು ನನ್ನ ದಿನದ ಮೊದಲ ಕೆಲಸ. ಆಮೇಲೆ ಲ್ಯಾಬಿನಲ್ಲಿ ಗಾಜಿನ ನಳಿಗೆಗಳನ್ನು ತೊಳೆಯುವುದು. ನನ್ನನ್ನು ತೆಗೆದುಕೊಂಡದ್ದು ತೊಳೆಯುವುದಕ್ಕೇ. ಆದರೆ ಲ್ಯಾಬಿನ ಸರ್‌ಗೆ ವಯಸ್ಸಾಗಿತ್ತು, ಕಣ್ಣಿಗೆ ಪೊರೆ ಬರುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವರಿಗೆ ಕಣ ಯಾವುದು, ಕಸ ಯಾವುದು ತಿಳಿಯದಂತಾದಾಗ, ಡಾಕ್ಟರ ಒಪ್ಪಿಗೆ ಪಡೆದು ನನಗೆ ಎಣಿಸುವುದನ್ನು ಕಲಿಸಿದರು.

ಬಿಳಿ ರಕ್ತಕಣಗಳನ್ನು ಆಗ ಕೈಯಿಂದಲೇ ಎಣಿಸುತ್ತಿದ್ದೆವು. ಬೆರಳು ಚುಚ್ಚಿ, ಸಣ್ಣ ನಳಿಗೆಯಲ್ಲಿ ಅರ್ಧ ಗುರುತಿನವರೆಗೆ ರಕ್ತ ಎಳೆದುಕೊಂಡು, ಹನ್ನೊಂದರ ಗುರುತಿನವರೆಗೆ ಶಿರ್ಕಾದಂತೆ ಹುಳಿ ವಾಸನೆ ಬರುವ ನೀಲಿ ದ್ರವ ಸೇರಿಸಬೇಕು. ಅದು ಕೆಂಪು ಕಣಗಳನ್ನು ಒಡೆದು ಹಾಕಿ ಬಿಳಿಯವಕ್ಕೆ ಬಣ್ಣ ಕೊಡುತ್ತದೆ. ಚೆನ್ನಾಗಿ ಅಲುಗಿಸಿ, ಮೊದಲ ನಾಲ್ಕು ಹನಿ ಚೆಲ್ಲಿ, ಮುಂದಿನ ಹನಿಯನ್ನು ಗೆರೆ ಕೊರೆದ ದಪ್ಪ ಗಾಜಿಗೆ ತುಂಬಿಸಬೇಕು. ಅದಕ್ಕೆ ನಾವು ಛೇಂಬರ್ ಎನ್ನುತ್ತಿದ್ದೆವು. ಅದರ ನಾಲ್ಕು ಮೂಲೆಯ ಚೌಕಗಳಲ್ಲಿ ಸಿಕ್ಕ ಕಣಗಳನ್ನು ಕೂಡಿಸಿ ಐವತ್ತರಿಂದ ಗುಣಿಸಿದರೆ ಲೆಕ್ಕ ಬರುತ್ತದೆ. ಕಣ ಗೆರೆಯ ಮೇಲೆಯೇ ಕುಳಿತಿದ್ದರೆ ಮೇಲಿನ ಮತ್ತು ಎಡಗಡೆಯ ಗೆರೆಯವನ್ನು ಎಣಿಸಬೇಕು, ಕೆಳಗಿನ ಮತ್ತು ಬಲಗಡೆಯ ಗೆರೆಯವನ್ನು ಬಿಡಬೇಕು. ಇಲ್ಲದಿದ್ದರೆ ಒಂದೇ ಕಣ ಎರಡು ಮನೆಗೆ ಲೆಕ್ಕವಾಗುತ್ತದೆ. ನಾನು ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸುತ್ತಾ ಎಣಿಸುತ್ತಿದ್ದೆ. ನಮಾಜು ಮುಗಿದ ಮೇಲೆ ಅವ್ವ ಹಾಗೆ ಎಣಿಸುವುದನ್ನು ನೋಡಿ ಬಂದ ರೂಢಿ.

“ಮಷೀನ್ ಬಂದ್ರೂ ನಿನ್ನ ಬೆರಳಿನಷ್ಟು ಬರೊಬ್ಬರಿ ಇರೂದಿಲ್ಲ ತಂಗಿ” ಎಂದು ಸರ್ ಹೇಳುತ್ತಿದ್ದರು. ನನಗೆ ಅದರ ಹೆಮ್ಮೆ ಇತ್ತು.

ಆ ಚಳಿಗಾಲದಲ್ಲಿ ಡಾಕ್ಟರು ಒಂದು ನೋಟುಬುಕ್ಕು ತಂದು ನನ್ನ ಕೈಗೆ ಕೊಟ್ಟರು. ಗದಗಿನಿಂದ ಅಷ್ಟೇ ಅಲ್ಲ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಡೆಯಿಂದಲೂ ನ್ಯುಮೋನಿಯಾ ಜೋರಾದವರು ನಮ್ಮಲ್ಲಿಗೆ ಬರುತ್ತಿದ್ದರು. ಕೆಲವರು ವಾರದಲ್ಲಿ ಎದ್ದು ಮನೆಗೆ ಹೋಗುತ್ತಿದ್ದರು, ಕೆಲವರು ಕಣ್ಣ ಮುಂದೆಯೇ ಕೈಬಿಟ್ಟು ಹೋಗುತ್ತಿದ್ದರು. ಯಾರನ್ನು ಇಲ್ಲೇ ಇಟ್ಟುಕೊಳ್ಳಬಹುದು, ಯಾರನ್ನು ತಡಮಾಡದೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬುದು ಮೊದಲ ದಿನವೇ ತಿಳಿಯಬೇಕು, ಅದಕ್ಕೆ ಬಿಳಿ ಕಣದ ಲೆಕ್ಕ ಎಷ್ಟು ಸಹಾಯ ಮಾಡುತ್ತದೆ ಎಂದು ನೋಡುವುದು ಅವರ ಉದ್ದೇಶ.

“ನೋಡವಾ, ಮೂರು ಬರಿ. ಉಸಿರು ನಿಮಿಷಕ್ಕೆ ಎಷ್ಟು, ಕೌಂಟ್ ಎಷ್ಟು, ಕಡೀಕ ಏನಾತು. ಮೊದಲನೇ ದಿನ ಒಮ್ಮೆ, ಮೂರನೇ ದಿನ ಒಮ್ಮೆ. ಹೆಸರು ಬ್ಯಾಡ, ಊರು ಸಾಕು.”

ಬರೆಯುತ್ತಾ ಹೋದೆ. ‘ಕಡೀಕ ಏನಾತು’ ಎಂಬ ಮನೆಯಲ್ಲಿ ‘ಮನೆಗೆ’, ‘ಹುಬ್ಬಳ್ಳಿಗೆ’, ‘ತೀರಿದರು’ ಎಂದು ಮೂರೇ ಶಬ್ದ. ಹದಿನೈದು, ಹದಿನೆಂಟು, ಇಪ್ಪತ್ತು ಸಾವಿರ ಬಂದವರು ಬಹಳ ಮಟ್ಟಿಗೆ ಮನೆಗೆ ಹೋದರು. ಲಕ್ಷ್ಮೇಶ್ವರದ ಹಮಾಲರೊಬ್ಬರಿಗೆ ಮೂವತ್ತೆಂಟು ಸಾವಿರ ಬಂದಿತ್ತು, ಅವರು ಉಳಿಯಲಿಲ್ಲ. ನನಗೆ ವಿಚಿತ್ರ ಅನ್ನಿಸಿದ್ದು ಕಡಿಮೆ ಬಂದವರದು. ಜೋರು ಜ್ವರ, ಏದುಸಿರು, ಆದರೂ ಶಿರಹಟ್ಟಿಯ ಒಬ್ಬ ಹೆಣ್ಣುಮಗಳಿಗೆ ಎರಡು ಸಾವಿರದ ಎಂಟುನೂರು. ಮರುದಿನ ಅವರ ಮುಂದೆ ‘ತೀರಿದರು’ ಎಂದು ಬರೆದೆ. ಡಂಬಳದ ಮುದುಕರೊಬ್ಬರಿಗೆ ಮೂರು ಸಾವಿರದ ನೂರು. ಅವರ ಮುಂದೆಯೂ ಅದನ್ನೇ ಬರೆದೆ. ಮುಂಡರಗಿಯ ಒಬ್ಬ ಹರೆಯದವನಿಗೆ ಮೂರು ಸಾವಿರದ ಮುನ್ನೂರು ಬಂದಾಗ ಡಾಕ್ಟರು ಅರ್ಧ ತಾಸಿನಲ್ಲಿ ವ್ಯಾನ್ ಹತ್ತಿಸಿದರು. ‘ಹುಬ್ಬಳ್ಳಿಗೆ’ ಎಂದು ಬರೆದೆ. ಅವನು ಆಮೇಲೆ ಏನಾದ ಎಂದು ನಾನು ಕೇಳಲಿಲ್ಲ. ಅವನೂ ತೀರಿರಬೇಕು ಎಂದುಕೊಂಡೆ.

ಹೀಗೆ ನಾಲ್ಕು ಸಾವಿರದ ಕೆಳಗೆ ಬಂದರೆ ಮುಂದಿನ ಮನೆಯಲ್ಲಿ ಏನು ಬರೆಯಬೇಕಾಗುತ್ತದೆ ಎಂಬುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ತಮ್ಮ ಬಂದದ್ದು ಆ ದಿನಗಳಲ್ಲೇ. ನಾವು ಪಿಂಜಾರರು, ಹತ್ತಿ ಹಿಂಜಿ ಹಾಸಿಗೆ ತುಂಬುವವರು. ಅವನು ಲಕ್ಷ್ಮೇಶ್ವರದಲ್ಲಿ ಗಾದಿ ಮಾಡುತ್ತಾನೆ. ಮದುವೆ ಹಂಗಾಮಿನಲ್ಲಿ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಮುಂಡರಗಿ ಕಡೆಯ ಹಳ್ಳಿಗಳನ್ನು ಸುತ್ತುತ್ತಾನೆ. ಮದುಮಕ್ಕಳ ಗಾದಿಯನ್ನು ಹುಡುಗಿಯ ಮನೆಯಲ್ಲೇ ಕೂತು ಹೊಲಿದು ಕೊಡಬೇಕು, ಅದು ಆ ಕಡೆಯವರ ಪದ್ಧತಿ. ಹಿರೇವಡ್ಡಟ್ಟಿಯಲ್ಲಿ ಒಂದು ಜೋಡಿ ಗಾದಿ ಮುಗಿಸುವಾಗ ಚಳಿ ಜ್ವರ ಹತ್ತಿದೆ. ಕೆಲಸ ಅರ್ಧ ಬಿಟ್ಟರೆ ಅಪಶಕುನ ಅಂದಾರೆಂದು ಮತ್ತೆರಡು ದಿನ ಹೊಲಿದು ಮುಗಿಸಿಯೇ ಬಸ್ಸು ಹತ್ತಿದ್ದಾನೆ. ನಮ್ಮ ಮನೆಯ ಹೊಸ್ತಿಲ ಮೇಲೆ ಕೂತವನೇ ಎದೆ ತಟ್ಟಿಕೊಂಡು ನಕ್ಕ.

“ಅಕ್ಕಾ, ಮಂದಿ ಗಾದಿ ತುಂಬಿ ತುಂಬಿ ನನ್ನ ಒಳಗೂ ಹತ್ತಿ ತುಂಬೈತಿ ನೋಡ.”

ದವಾಖಾನೆಗೆ ಕರೆದೊಯ್ದೆ. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಬೆಳ್ಳಗೆ ಕಂಡಿತು. “ನಾ ಹೇಳಲಿಲ್ಲೇನ್ರಿ ಸಾಹೇಬ್ರ, ಹತ್ತೀನ ಐತ್ರಿ ಅದು” ಎಂದ. ಡಾಕ್ಟರೂ ನಕ್ಕರು. ಅವನ ಕೌಂಟ್ ನಾನೇ ಎಣಿಸಿದೆ. ಹತ್ತೊಂಬತ್ತು ಸಾವಿರ. ನನಗೆ ಸಮಾಧಾನವಾಯಿತು. ಅದು ‘ಮನೆಗೆ’ ಹೋಗುವ ಸಂಖ್ಯೆ.

ಹಾಸಿಗೆಗಳು ತುಂಬಿದ್ದವು. ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು: “ನಿನ್ನ ಮನಿ ಇಲ್ಲೇ ಐತಿ, ನಿನ್ನ ಮ್ಯಾಲ ಭರೋಸಾ ಇಟ್ಟು ಮನ್ಯಾಗ ಇರಾಕ ಬಿಡ್ತೀನಿ. ಕಂಪೌಂಡರ್ ಎರಡು ಹೊತ್ತು ಬಂದು ಸೂಜಿ ಮಾಡತಾನ. ನೀ ಎರಡು ಹೊತ್ತು ಉಸಿರು ಎಣಿಸಬೇಕು. ಮೂವತ್ತು ದಾಟಿದ್ರ ನನ್ನ ಕೇಳಾಕ ಬರಬ್ಯಾಡ, ಅವನ್ನ ಕರಕೊಂಡ ಬಾ. ಮೂರನೇ ದಿನ ಕೌಂಟ್ ಮಾಡಿ ತೋರಸು.”

“ಹೂನ್ರಿ ಸಾಹೇಬ್ರ” ಎಂದೆ.

ಮರುದಿನ ಲಕ್ಷ್ಮೇಶ್ವರದಿಂದ ತಮ್ಮನ ಹೆಂಡತಿ ಬಂದಳು. ಕಡಿಮೆ ಮಾತಿನವಳು. ಬಂದ ಗಳಿಗೆಯಿಂದ ಗಂಡನ ತಲೆದಿಂಬಿನ ಹತ್ತಿರ ಕೂತವಳು ನೀರು ಕಾಯಿಸಲು ಬಿಟ್ಟರೆ ಏಳಲಿಲ್ಲ. ಎರಡು ದಿನ ಜ್ವರ ಏರಿತು, ಇಳಿಯಿತು. ಉಸಿರು ಇಪ್ಪತ್ನಾಲ್ಕು, ಇಪ್ಪತ್ತಾರು. ಅವನು ಗಂಜಿ ಕುಡಿದ, “ದವಾಖಾನಿ ಗಾದಿ ನೋಡಿದ್ಯಾ ಅಕ್ಕಾ, ತೆಂಗಿನ ನಾರು. ಜಡ್ಡಾದವ್ರು ಅದರ ಮ್ಯಾಲ ಮಲಗಿನ ಸಾಯತಾರ” ಎಂದು ಚೇಷ್ಟೆ ಮಾಡಿದ.

ಮೂರನೇ ದಿನ ಮುಂಜಾನೆ ನಾನು ದವಾಖಾನೆಯ ಗಡಿಬಿಡಿಯಲ್ಲಿದ್ದೆ. ನಳಿಗೆ, ನೀಲಿ ದ್ರವ ಮನೆಗೆ ತಂದು ಅವನ ಬೆರಳು ಚುಚ್ಚಿದಾಗ ಅವನು ಚೇಷ್ಟೆ ಮಾಡಲಿಲ್ಲ. ಬೆರಳು ತಣ್ಣಗಿತ್ತು. ಹಿಂಡಿ ರಕ್ತ ತೆಗೆಯಬೇಕಾಯಿತು.

“ಅಕ್ಕಾರ, ಇವರ ಉಸಿರು ನಿನ್ನಿಗಿಂತ ಜೋರ ಆಗೇತ್ರಿ” ಎಂದಳು ಅವನ ಹೆಂಡತಿ. “ಮೂಗು ಅರಳ್ತಾವ ನೋಡ್ರಿ.”

“ಜ್ವರ ಇಳಿಯೂ ಮುಂದ ಹಂಗ ಆಗತೈತಿ.”

“ಒಮ್ಮೆ ಎಣಿಸ್ರಲಾ.”

“ನಾ ದಿನಾ ಇಂಥಾವ್ರ ನಡುವ ಇರಾಕಿ. ನಿನಗೇನ ತಿಳಿತೈತಿ, ಸುಮ್ಕ ಕುಂಡ್ರು” ಎಂದೆ.

ನಾನು ಉಸಿರು ಎಣಿಸಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಅದಕ್ಕೇ ಎಣಿಸಲಿಲ್ಲ. ನಳಿಗೆಯ ಎರಡೂ ತುದಿಗೆ ರಬ್ಬರ್ ಪಟ್ಟಿ ಹಾಕಿ, ಅಡ್ಡಲಾಗಿ ಹಿಡಿದುಕೊಂಡು ಲ್ಯಾಬಿಗೆ ಓಡಿದೆ.

ಛೇಂಬರ್ ತುಂಬಿ, ಕಣಗಳು ತಳಕ್ಕೆ ಕೂರಲೆಂದು ಎರಡು ನಿಮಿಷ ಬಿಟ್ಟು ಕಣ್ಣಿಟ್ಟೆ. ಮೊದಲ ಚೌಕದಲ್ಲಿ ಹದಿನಾಲ್ಕು. ಎರಡನೆಯದರಲ್ಲಿ ಹನ್ನೊಂದು. ಹತ್ತೊಂಬತ್ತು ಸಾವಿರ ಇದ್ದವನ ಚೌಕದಲ್ಲಿ ಎಣಿಸಲು ಕಷ್ಟವಾಗುವಷ್ಟು ಕಣಗಳು ಕಿಕ್ಕಿರಿದಿರಬೇಕಿತ್ತು. ಇಲ್ಲಿ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು. ನಾಲ್ಕೂ ಮೂಲೆ ಸೇರಿ ಐವತ್ತೆರಡು. ಎರಡು ಸಾವಿರದ ಆರುನೂರು.

ಸರ್ ಕಲಿಸಿದ ನಿಯಮವಿತ್ತು. ತೀರ ಕಡಿಮೆ ಬಂದರೆ ಮೊದಲು ನಿನ್ನ ಕೈಯನ್ನೇ ಅನುಮಾನಿಸು, ಮತ್ತೆ ಅಲುಗಿಸಿ ಮತ್ತೆ ತುಂಬು ಎಂದು. ಹಾಗೇ ಮಾಡಿದೆ. ನಲವತ್ತೊಂಬತ್ತು. ಎರಡು ಲೆಕ್ಕ ಹತ್ತಿರ ಹತ್ತಿರ ಬಂದರೆ ಅದೇ ಸರಿ ಎಂಬುದೂ ಅವರೇ ಕಲಿಸಿದ್ದು. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ನಾನು ಏಳಬೇಕಿತ್ತು.

ನೋಟುಬುಕ್ಕು ಪಕ್ಕದಲ್ಲೇ ತೆರೆದಿತ್ತು. ತಮ್ಮನ ಸಾಲಿನಲ್ಲಿ ಊರು ಲಕ್ಷ್ಮೇಶ್ವರ, ಮೊದಲ ದಿನ ಹತ್ತೊಂಬತ್ತು ಸಾವಿರ. ಎರಡು ಸಾವಿರದ ಆರುನೂರು ಎಂದು ಬರೆದರೆ ಅದರ ಮುಂದಿನ ಮನೆಯನ್ನೂ ನಾನೇ ತುಂಬಿದಂತೆ ಅನ್ನಿಸಿತು. ಬರೆಯದಿದ್ದರೆ ಅದು ಆಗುವುದೇ ಇಲ್ಲವೇನೋ ಎಂಬಂತೆ. ಈಗ ಹೇಳಿದರೆ ಹುಚ್ಚು ಅನ್ನಿಸುತ್ತದೆ. ಆ ಹೊತ್ತಿನಲ್ಲಿ ನನ್ನ ಕೈ ಪೆನ್ಸಿಲ್ ಹಿಡಿಯಲು ಒಪ್ಪಲಿಲ್ಲ.

ಮೂರನೇ ಸಲ ತುಂಬಿದೆ. ಹನಿ ಹೆಚ್ಚಾಗಿ ಛೇಂಬರಿನ ಪಕ್ಕದ ಸಣ್ಣ ಕಾಲುವೆಗೆ ಹರಿಯಿತು. ಹಾಗಾದರೆ ಒರೆಸಿ ಮತ್ತೆ ತುಂಬಬೇಕು. ನಾನು ಒರೆಸಲಿಲ್ಲ. ಹರಿದುಹೋದ ಕಡೆಗೆ ಕಣಗಳು ಒಂದು ಮೂಲೆಯಲ್ಲಿ ಗುಂಪಾಗಿದ್ದವು. ಆ ಮೂಲೆಯಿಂದಲೇ ಸುರು ಮಾಡಿದೆ. ಮೇಲಿನ ಗೆರೆಯವು, ಎಡಗಡೆಯವು, ಕೆಳಗಿನವು, ಬಲಗಡೆಯವು, ಎಲ್ಲವನ್ನೂ ಎಣಿಸಿದೆ. ಬಣ್ಣದ ಚೂರುಗಳನ್ನೂ ಕಣವೆಂದು ಎಣಿಸಿದೆ. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಓಡಿ ಎಂಬತ್ತು ದಾಟಿದಾಗ ನನ್ನ ಎದೆ ಹಗುರಾಯಿತು. ಎಂಬತ್ತನಾಲ್ಕು. ನಾಲ್ಕು ಸಾವಿರದ ಇನ್ನೂರು. ಚೀಟಿಯಲ್ಲಿ ಅದನ್ನೇ ಬರೆದೆ, ನೋಟುಬುಕ್ಕಿನಲ್ಲೂ ಅದನ್ನೇ ಬರೆದೆ.

ಡಾಕ್ಟರು ಮುಂಡರಗಿಯ ಕಡೆ ತಪಾಸಣೆ ಶಿಬಿರಕ್ಕೆ ಹೊರಟು ಜೀಪಿನ ಬಾಗಿಲು ಹಿಡಿದು ನಿಂತಿದ್ದರು. ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು.

“ಒಮ್ಮೆಗೇ ಇಷ್ಟು ಇಳೀತು? ಉಸಿರು ಹೆಂಗೈತಿ?”

“ನೆಟ್ಟಗೈತ್ರಿ.”

“ಎಷ್ಟು?”

“ಇಪ್ಪತ್ತಾರ್ರಿ.” ಅದು ಹಿಂದಿನ ದಿನದ್ದು.

“ಗಂಜಿ ಕುಡಿದಾನಿಲ್ಲೋ?”

“ಹೂನ್ರಿ.”

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. “ಆತು. ನಾಳೆ ಮುಂಜಾನಿ ನಾನ ಮನೀಗೆ ಬಂದು ನೋಡತೀನಿ. ನಡುವ ಏನಾರ ಆದ್ರ ಇಲ್ಲೆ ಸಿಸ್ಟರ್‌ಗೆ ಹೇಳು” ಎಂದು ಜೀಪು ಹತ್ತಿದರು. ಸಂಜೆಯೂ ನಾನು ಉಸಿರು ಎಣಿಸಲಿಲ್ಲ. ಹೀಗೆ ಒಂದು ಇಡೀ ದಿನ ಹೋಯಿತು. ಆ ದಿನವನ್ನು ಕಳೆದವಳು ನಾನು.

ಮರುದಿನ ಬೆಳಗು ಹರಿಯುವ ಹೊತ್ತಿಗೆ ತಮ್ಮನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. “ಅವ್ವಾ, ಬಿಲ್ಲಿನ ತಂತಿ ಹರೀತು, ಗಾದಿ ಹೆಂಗ ಮುಗಸ್ಲಿ” ಎಂದು ನನ್ನನ್ನೇ ಅವ್ವ ಎಂದು ಕರೆಯುತ್ತಿದ್ದ. ಅವ್ವ ತೀರಿ ಹೋಗಿ ಬಹಳ ವರ್ಷವಾಗಿತ್ತು. ಈಗ ಎಣಿಸಿದೆ. ನಲವತ್ತನಾಲ್ಕು. ಡಾಕ್ಟರು ಬರುವವರೆಗೆ ಕಾಯದೆ ಆಟೋದಲ್ಲಿ ಹಾಕಿಕೊಂಡು ಒಯ್ದೆವು. ಅವನ ಹೆಂಡತಿ ದಾರಿಯುದ್ದಕ್ಕೂ ಅವನ ತಲೆಯನ್ನು ಎದೆಗಾನಿಸಿಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ.

ಆಮ್ಲಜನಕ ಹಚ್ಚಿದರು. ಡಾಕ್ಟರು ಎದೆ ನೋಡಿದರು, ಎರಡೂ ಬದಿ ಹಿಡಿದಿತ್ತು. “ಕೌಂಟ್ ಜಲ್ದಿ” ಎಂದರು. ಎಣಿಸಿದೆ. ಮೂವತ್ತೆಂಟು. ಈ ಸಲ ಗೆರೆಗಳ ಜೊತೆ ಆಟ ಆಡಲಿಲ್ಲ. ಸಾವಿರದ ಒಂಬತ್ತುನೂರು.

ಡಾಕ್ಟರು ಲ್ಯಾಬಿಗೇ ಬಂದು ನೋಟುಬುಕ್ಕನ್ನು ಎಳೆದುಕೊಂಡರು. ಸರ್ ಕೂಡ ಅಲ್ಲೇ ಇದ್ದರು. “ಹತ್ತೊಂಬತ್ತು ಸಾವಿರ, ನಾಲ್ಕು ಸಾವಿರದ ಇನ್ನೂರು, ಇವತ್ತ ಸಾವಿರದ ಒಂಬತ್ತುನೂರು” ಎಂದು ಓದಿದರು. “ಒಂದ ದಿನದಾಗ ಅರ್ಧಕ್ಕಿಂತ ಕಡಿಮಿ? ಇವತ್ತಿಂದ್ರಾಗ ಏನೋ ಹೆಚ್ಚು ಕಡಿಮಿ ಆಗೈತಿ. ಬ್ಯಾರೆ ರಕ್ತ ತಗೊಂಡು ಮತ್ತ ಮಾಡ್ರಿ. ಅದನ್ನ ನೋಡಿ ಹುಬ್ಬಳ್ಳಿ ವಿಚಾರ ಮಾಡೂಣು. ದಾರ್‍ಯಾಗ ಆಮ್ಲಜನಕ ಕಡಿಮಿ ಬಿದ್ರ ಅಲ್ಲೇ ಕಳಕೊಂತೀವಿ, ಸುಮ್ಮ ಕಳಸಾಕ ಆಗೂದಿಲ್ಲ.”

ಮತ್ತೆ ಮಾಡುವುದೆಂದರೆ ಅರ್ಧ ತಾಸು. ನಾನು ಸುಮ್ಮನೆ ಹೋಗಿ ಮತ್ತೆ ರಕ್ತ ತರಬಹುದಿತ್ತು. ಎರಡನೇ ಲೆಕ್ಕವೂ ಅಷ್ಟೇ ಬರುತ್ತಿತ್ತು, ಆಗ ಕಳಿಸುತ್ತಿದ್ದರು, ನನ್ನ ಸುಳ್ಳು ಯಾರಿಗೂ ತಿಳಿಯುತ್ತಿರಲಿಲ್ಲ. ಗೋಡೆಯ ಆಚೆ ತಮ್ಮನ ಉಸಿರು ಕೇಳುತ್ತಿತ್ತು. ಅವನ ಹತ್ತಿರ ಅರ್ಧ ತಾಸು ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

“ಇವತ್ತಿಂದು ಖರೆ ಐತ್ರಿ” ಎಂದೆ. “ನಿನ್ನಿದು ಸುಳ್ಳು.”

“ಅಂದ್ರ?”

“ನಿನ್ನಿ ಐವತ್ತೆರಡು ಬಂದಿತ್ರಿ. ಎರಡನೇ ಸಲ ನಲವತ್ತೊಂಬತ್ತು. ನಾ ಎಂಬತ್ತನಾಲ್ಕು ಬರದೆ. ಉಸಿರೂ ಎಣಿಸಿರಲಿಲ್ರಿ.”

ಡಾಕ್ಟರು ಹೊರಗೆ ಹೋದರು. ಫೋನಿನಲ್ಲಿ ಹುಬ್ಬಳ್ಳಿಗೆ ಮಾತಾಡುವುದು ಕೇಳಿಸಿತು. “ಎರಡು ದಿನದಿಂದ ಕೌಂಟ್ ಕೆಳಗ ಐತ್ರಿ, ಹೂಂ, ನಿನ್ನಿಯಿಂದ. ಈಗ ಹೊಂಡಸ್ತೀನಿ. ಹಾಸಿಗಿ ತಯಾರ ಇಡ್ರಿ.” ವ್ಯಾನಿಗೆ ಎರಡು ಸಿಲಿಂಡರ್ ಏರಿಸಲು ಹೇಳಿದರು.

ಸರ್ ಕುರ್ಚಿಯಲ್ಲಿ ಕೂತೇ ಇದ್ದರು. ಕನ್ನಡಕ ತೆಗೆದು ಒರೆಸಿದರು. “ನನ್ನ ಕಣ್ಣು ಹ್ವಾದುವಂತ ನಿನ್ನ ಕಣ್ಣು ಇಟ್ಟುಕೊಂಡಿದ್ದೆ, ತಂಗಿ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ವ್ಯಾನ್ ಹೊರಡುವ ಮುಂಚೆ ಡಾಕ್ಟರು ನೋಟುಬುಕ್ಕಿನ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. “ಇಂವ ನೋಡು, ಮುಂಡರಗ್ಯಾಂವ. ಮೂರು ಸಾವಿರದ ಮುನ್ನೂರು. ನಿನ್ನಿ ಶಿಬಿರದಾಗ ನನ್ನ ಕಾಲು ಮುಟ್ಟಿ ಹ್ವಾದ. ಬದುಕ್ಯಾನ. ಯಾಕ? ನೀ ಅವತ್ತ ಬರೊಬ್ಬರಿ ಎಣಿಸಿ ನನಗ ಲಗೂನ ಹೇಳಿದ್ದಕ್ಕ. ಕೌಂಟ್ ಅಂದ್ರ ಜಾತಕ ಅಲ್ಲವಾ. ದೇಹ ಬಡದಾಡೂ ಮುಂದ ಕಣ ಏರತಾವ. ಇಷ್ಟು ಜಡ್ಡಿದ್ದೂ ಇಳದಾವಂದ್ರ ಒಳಗ ದಾಸ್ತಾನು ತೀರೇತಿ, ಹೊರಗಿನ ಕೈ ಬೇಕು, ಓಡ್ರಿ ಅಂತ ಅರ್ಥ. ನೀ ಅದನ್ನ ಸಾವಿನ ಚೀಟಿ ಅಂತ ತಿಳಕೊಂಡು ಮುಚ್ಚಿ ಇಟ್ಟಿ.”

“ಮನಿಯವರಿಗೆ...” ಎಂದೆ.

“ಅದನ್ನ ಹೇಳೂದು ನಿನ್ನ ಕೆಲಸ. ನಾ ಹೇಳೂದಿಲ್ಲ” ಎಂದರು.

ವ್ಯಾನಿನಲ್ಲಿ ನಾನೂ ಹೋದೆ. ಅಣ್ಣಿಗೇರಿ ದಾಟುವಾಗ ಮೊದಲ ಸಿಲಿಂಡರ್ ಮುಗಿಯಿತು. ಎರಡನೆಯದಕ್ಕೆ ನಳಿಕೆ ಜೋಡಿಸುವಷ್ಟು ಹೊತ್ತು ಅವನ ಉಸಿರೇ ನಿಂತಂತೆ ಕಂಡಿತು. ಕಂಪೌಂಡರನ ಕೈ ಚುರುಕಾಗಿತ್ತು, ಉಳಿದ. ಹುಬ್ಬಳ್ಳಿಯಲ್ಲಿ ಯಂತ್ರದ ಉಸಿರಿಗೆ ಹಾಕಿದರು. ಐದು ದಿನ ಹೊರಗಿನ ಬೆಂಚಿನ ಮೇಲೆ ಕೂತೆವು. ಅಲ್ಲಿಯ ಲ್ಯಾಬಿನವರು ನನ್ನಂಥವರೇ. ದಿನಾ ಕಿಟಕಿಯಲ್ಲಿ ನಿಂತು ಕೌಂಟ್ ಕೇಳುತ್ತಿದ್ದೆ. ಎರಡು ಸಾವಿರ. ಎರಡು ಸಾವಿರದ ನಾಲ್ಕುನೂರು. ನಾಲ್ಕನೇ ದಿನ ಆರು ಸಾವಿರ. ಐದನೇ ದಿನ ಹದಿಮೂರು ಸಾವಿರ ಎಂದಾಗ ನಾನು ಅಲ್ಲೇ ಗೋಡೆಗೆ ಒರಗಿ ಅತ್ತೆ. ಏರಿದ್ದಕ್ಕೆ ಯಾಕೆ ಅಳುತ್ತೀಯವ್ವ ಎಂದು ಕಿಟಕಿಯಾತ ಗಾಬರಿಯಾದ.

ಎದೆಯಲ್ಲಿ ಕೀವು ಕಟ್ಟಿತು. ಪಕ್ಕೆಯಲ್ಲಿ ನಳಿಕೆ ಹಾಕಿ ತೆಗೆದರು. ತಿಂಗಳ ಮೇಲೆ ಮನೆಗೆ ಬಂದ. ಬಲಗಡೆಯ ಶ್ವಾಸಕೋಶ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಹತ್ತಿಯ ಧೂಳು ಅವನಿಗೆ ಆಗುವುದಿಲ್ಲ ಎಂದರು. ಹನ್ನೆರಡನೇ ವಯಸ್ಸಿಗೆ ಅಪ್ಪನ ಕೈಯಿಂದ ತೆಗೆದುಕೊಂಡಿದ್ದ ಬಿಲ್ಲನ್ನು ಅವನು ಮತ್ತೆ ಮುಟ್ಟಲಿಲ್ಲ. ಈಗ ಹಿಂಜುವ ಕೆಲಸ ಹೆಂಡತಿಯದು, ಮೂಗಿಗೆ ಸೆರಗು ಕಟ್ಟಿಕೊಂಡು. ಅವನು ಅಂಗಡಿಯ ಮುಂದೆ ಕೂತು ಗಾದಿಯ ಬಟ್ಟೆ ಕತ್ತರಿಸುತ್ತಾನೆ, ಹೊಲಿಯುತ್ತಾನೆ. ಒಂದು ದಿನ ಮೊದಲು ಒಯ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂದು ಯಾರೂ ಖಚಿತವಾಗಿ ಹೇಳಲಾರರು. ಡಾಕ್ಟರನ್ನೇ ಒಮ್ಮೆ ಕೇಳಿದ್ದೆ. “ಗೊತ್ತಿಲ್ಲವಾ. ಆ ದಿನ ನಮ್ಮ ಕೈಯಾಗ ಇರಲಿಲ್ಲಲಾ” ಎಂದರು.

ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನೋಟುಬುಕ್ಕನ್ನು ಮಾತ್ರ ಸಿಸ್ಟರ್ ಕೈಗೆ ಕೊಟ್ಟರು. ಒಂದು ವರ್ಷದವರೆಗೆ ನಾನು ಎಣಿಸಿದ ಪ್ರತಿ ಛೇಂಬರನ್ನೂ ಸರ್ ತಮ್ಮ ಮಂಜು ಕಣ್ಣಿನಿಂದ ಮತ್ತೊಮ್ಮೆ ನೋಡಿದರು. ನಾಲ್ಕು ಸಾವಿರದ ಕೆಳಗೆ ಬಂದರೆ ಬರೆಯುವುದಕ್ಕೂ ಮುಂಚೆ ಎದ್ದು ಹೋಗಿ ಬಾಯಿಂದ ಹೇಳಬೇಕು ಎಂಬ ನಿಯಮ ಆಗ ಬಂತು. ಇವತ್ತಿಗೂ ಆ ದವಾಖಾನೆಯಲ್ಲಿ ಅದು ನಡೆಯುತ್ತದೆ. ಯಾಕೆ ಬಂತೆಂದು ಹೊಸಬರಿಗೆ ಗೊತ್ತಿಲ್ಲ.

ಮನೆಯವರಿಗೆ ನಾನು ಹೇಳಲಿಲ್ಲ. ಮೊದಲು, ಅವನು ಸ್ವಲ್ಪ ಚೇತರಿಸಿಕೊಳ್ಳಲಿ ಎಂದುಕೊಂಡೆ. ಆಮೇಲೆ ತಮ್ಮನೇ ಬೇರೆ ಕಥೆ ಕಟ್ಟಿಕೊಂಡುಬಿಟ್ಟ. ಗಾದಿ ಒಯ್ಯಲು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ: “ನಮ್ಮಕ್ಕ ಏಳನೇ ಇಯತ್ತೆ ರೀ. ನನ್ನ ರಕ್ತದಾಗ ಒಂದೊಂದ ಕಣ ಎಣಿಸಿ, ಇಂವ ಹೊಂಟಾನ ಓಡ್ರಿ ಅಂತ ವ್ಯಾನ್ ತರಿಸ್ಯಾಳ. ಇಲ್ಲಾಂದ್ರ ನನ್ನ ಗಾದಿ ಕಬರಸ್ಥಾನದಾಗ ಹಾಸತಿದ್ರು.” ನಾನು ಎದುರಿಗಿದ್ದರೂ ಹೇಳುತ್ತಿದ್ದ. ನಾನು ಚಹಾದ ಬಸಿ ಕೆಳಗಿಟ್ಟು ಒಳಗೆ ಹೋಗುತ್ತಿದ್ದೆ. ನಾಚಿಕೆ ಸ್ವಭಾವ ಎಂದುಕೊಳ್ಳುತ್ತಿದ್ದರು. ಅವನ ಹೆಂಡತಿ ಮಾತ್ರ ಆ ಕಥೆ ನಡೆಯುವಾಗ ಹಿಂಜುವ ಕೈ ನಿಲ್ಲಿಸುತ್ತಿರಲಿಲ್ಲ, ಹೌದೆನ್ನುತ್ತಿರಲಿಲ್ಲ, ಅಲ್ಲ ಅನ್ನುತ್ತಲೂ ಇರಲಿಲ್ಲ.

ವರ್ಷಗಳು ಹೋದವು. ಲಕ್ಷ್ಮೇಶ್ವರದಲ್ಲೂ ಎಣಿಸುವ ಯಂತ್ರ ಬಂತು. ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಅವನ ಹೆಂಡತಿ ಫೋನ್ ಮಾಡಿದಳು. “ಎರಡು ದಿನದಿಂದ ಜ್ವರ ಐತ್ರಿ ಅಕ್ಕಾರ. ದವಾಖಾನಿಗೆ ಬರವಲ್ರು. ಅಕ್ಕ ಬಂದು ಎಣಿಸಿದ್ರನ ನಾ ನಂಬಾಂವ, ಯಂತ್ರಕ್ಕ ಬೆರಳ ಕೊಡೂದಿಲ್ಲ ಅಂತ ಹಟ ಹಿಡದಾರ.”

ಸಿಕ್ಕ ಬಸ್ಸು ಹತ್ತಿದೆ. ಹೋದಾಗ ಅವನು ಅಂಗಡಿಯಲ್ಲಿ ಹೊಸ ಗಾದಿಗಳಿಗೆ ಒರಗಿ ಕೂತಿದ್ದ. ನನ್ನನ್ನು ನೋಡಿದವನೇ ಬೆರಳು ಚಾಚಿದ. “ಚುಚ್ಚು ಅಕ್ಕಾ. ನಿನ್ನ ಲೆಕ್ಕಾನ ಲೆಕ್ಕ.”

ಮೊದಲು ಅವನ ಉಸಿರು ಎಣಿಸಿದೆ, ಗಡಿಯಾರ ನೋಡಿ, ಪೂರ್ತಿ ಒಂದು ನಿಮಿಷ. ಇಪ್ಪತ್ತೆರಡು. ತುಟಿ ಕೆಂಪಗಿತ್ತು. ಆಮೇಲೆ ಅವನ ಕೈ ಹಿಡಿದು ಕೆಳಗಿಟ್ಟೆ.

“ನಾ ಎಣಿಸೂದಿಲ್ಲ. ಯಂತ್ರಕ್ಕ ಕೊಡು. ಅದು ಯಾರ ತಮ್ಮಾಂತ ನೋಡೂದಿಲ್ಲ.”

“ಏನ ಮಾತಾಡ್ತಿ? ಅವತ್ತ ನೀ ಎಣಿಸಿದ್ದಕ್ಕ ನಾ ಇಲ್ಲೆ ಕುಂತೀನಿ.”

“ಅವತ್ತ ನಾ ಸುಳ್ಳ ಎಣಿಸಿದ್ದೆ” ಎಂದೆ.

ಹೇಳಲು ಸುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಐವತ್ತೆರಡು, ನಲವತ್ತೊಂಬತ್ತು, ಎಂಬತ್ತನಾಲ್ಕು, ಜೀಪಿನ ಬಾಗಿಲಲ್ಲಿ ಹೇಳಿದ ಇಪ್ಪತ್ತಾರು, ಎಲ್ಲವನ್ನೂ ಹೇಳಿದೆ. ಅವನು ಮೊದಲು ನಕ್ಕ. “ಹುಚ್ಚಿ, ಚ್ಯಾಷ್ಟಿ ಮಾಡ್ತಿ.” ಆಮೇಲೆ ನಗು ನಿಂತಿತು. ಪಕ್ಕೆಯ ಮೇಲೆ ನಳಿಕೆಯ ಗುರುತಿದ್ದ ಕಡೆ ಅಂಗಿಯ ಮೇಲಿಂದಲೇ ಕೈ ಇಟ್ಟುಕೊಂಡ.

“ಹಂಗಾರ ನಾ ಇಷ್ಟ ವರ್ಷ ಮಂದಿ ಮುಂದ ಹೇಳಿದ್ದು?”

“ನಾ ಬಿಟ್ಟೆ. ನಿನಗ ಹೇಳಾಕ ಬಿಟ್ಟೆ.”

ಅವನು ಕತ್ತರಿಸಿಟ್ಟ ಬಟ್ಟೆಯ ಅಂಚನ್ನು ಮಡಿಸುತ್ತಾ ಬಿಚ್ಚುತ್ತಾ ಕೂತ. ಕೊನೆಗೆ, “ಮರುದಿನ ಮುಂಜಾನಿ ವ್ಯಾನಿಗೆ ಹಾಕಿದಾಕಿನೂ ನೀನಽ ಅಲಾ” ಎಂದ. ನನ್ನ ತಪ್ಪಿನಿಂದ ಜಾರಿಕೊಳ್ಳಲು ಜಾಗ ಮಾಡಿ ಕೊಡುತ್ತಿದ್ದ. ಅದರಲ್ಲಿ ಕಾಲಿಡಲು ನನಗೆ ಮನಸ್ಸಾಗಲಿಲ್ಲ.

ಆಗ ಒಳಗಿನ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮೂಗಿಗೆ ಕಟ್ಟಿದ್ದ ಸೆರಗನ್ನು ಬಿಚ್ಚಿದಳು. ಕೂದಲು, ಹುಬ್ಬು ಎಲ್ಲ ಹತ್ತಿಯ ಎಳೆ.

“ಕಣದ ಲೆಕ್ಕ ಎಲ್ಲಾ ಹೇಳಿದ್ರಿ ಅಕ್ಕಾರ” ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. “ಅವತ್ತ ಮುಂಜಾನಿ ನಾ ಹೇಳಿದ್ದೆ. ಉಸಿರು ಜೋರ ಆಗೈತಿ, ಒಮ್ಮೆ ಎಣಿಸ್ರಿ ಅಂತ. ನಿಮಗ ನೆನಪೈತೇನ್ರಿ? ನಾ ಇಷ್ಟ ವರ್ಷ ಏನ ತಿಳಕೊಂಡೀನಿ ಗೊತ್ತೈತೇನ್ರಿ? ನಾ ಇನ್ನೊಂದು ಸಲ ಗಟ್ಟ್ಯಾಗಿ ಹೇಳಿದ್ರ ಇವರು ಮೊದಲಿನಂಗ ಆರಾಮ ಇರತಿದ್ರು, ತಪ್ಪು ನಂದು ಅಂತ.”

ನಾನು ನನ್ನ ತಪ್ಪನ್ನು ನಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಅದರ ಅರ್ಧವನ್ನು ಇವಳ ತಲೆಯ ಮೇಲೆ ಹೊರಿಸಿ ಇಷ್ಟು ವರ್ಷ ಬಸ್ಸು ಹತ್ತಿ ಬಂದು, ಇವಳ ಕೈಯಿಂದ ಚಹಾ ಕುಡಿದು ಹೋಗಿದ್ದೆ.

ಎದ್ದು ಅವಳ ಹತ್ತಿರ ಹೋದೆ. ವಯಸ್ಸಿನಲ್ಲಿ, ನಂಟಿನಲ್ಲಿ ನಾನು ದೊಡ್ಡವಳು, ನಮ್ಮ ಮನೆಗಳಲ್ಲಿ ದೊಡ್ಡವರು ಸಣ್ಣವರ ಹತ್ತಿರ ಮಾಫಿ ಕೇಳುವ ವಾಡಿಕೆ ಇಲ್ಲ. ಅವಳ ಎರಡೂ ಕೈ ಹಿಡಿದುಕೊಂಡು, ತಮ್ಮನಿಗೂ ಕೇಳುವಂತೆ, ಬೀದಿಯಲ್ಲಿ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

“ನೀ ಹೇಳಿದ್ದು ಖರೆ ಇತ್ತು ತಂಗಿ. ನನಗ ಕಾಣತಿತ್ತು, ಕಂಡ ನಿನ್ನ ಬಾಯಿ ಮುಚ್ಚಿಸಿದೆ. ನಿಂದೇನೂ ತಪ್ಪಿಲ್ಲ, ಎಲ್ಲಾ ನಂದು. ನನ್ನ ಮಾಫ್ ಮಾಡವಾ. ತಮ್ಮಾ, ನೀನೂ ಮಾಫ್ ಮಾಡಪಾ, ತಪ್ಪಾತು.”